ಎಳ್ಳಮವಾಸ್ಯೆಯ ಭಜ್ಜಿ ಮತ್ತು ನಮ್ಮ ಆರೋಗ್ಯ

ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳಮವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಊರೆಂಬ ಊರೆಲ್ಲ ಬರಿದಾಗಿರುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಯಾವ ತಾಲೂಕಿಗೆ ಹೋದರೂ ಅಂದು ಮನೆಗಳಿಗೆ ಬೀಗ, ಜನವೆಲ್ಲ ಹೊಲದಲ್ಲಿ. ಲಾತೂರ ಜಿಲ್ಲೆಯಲ್ಲಿ ಆ ದಿನ ಸ್ಥಳೀಯ ರಜೆ ಕೊಡುವ ರೂಢಿಯೂ ಉಂಟು. ನಮ್ಮ ಮರಾಠಿ ಬಂಧುಗಳು ಇದನ್ನು ‘ವೇಳಾ ಅಮಾವಾಸ್ಯಾ’ ಎನ್ನುತ್ತಾರೆ. ನಮ್ಮ ಎಳ್ಳು ಅವರ ಬಾಯಲ್ಲಿ ‘ವೇಳಾ’ ಆಗಿದೆ ಎಂದು ಇಲ್ಲಿಯ ತಿಳಿದವರು ಹೇಳುತ್ತಾರೆ. ಕನ್ನಡ ಕಲಿಸುವವರಾದ ನಾವು ಈ ಮಾತನ್ನು ಹೇಳದೆ ಮುಂದೆ ಹೋಗಲಾರೆವು. 1956ಕ್ಕಿಂತ ಮೊದಲು ನಿಲಂಗಾ, ಉದಗೀರಗಳು ಬೀದರ ಜಿಲ್ಲೆಗೇ ಸೇರಿದ್ದವು. ಆಮೇಲೆ ಗಡಿ ಸರಿಯಿತು, ಅಡಿಗೆ ಮಾತ್ರ ಸರಿಯಲಿಲ್ಲ.

ಕಳೆದ ಎಳ್ಳಮವಾಸ್ಯೆಗೆ ಎಂಟನೆಯ ತರಗತಿಯ ಹುಡುಗನೊಬ್ಬನ ಮನೆಯವರು ನಮ್ಮನ್ನು ತಮ್ಮ ಹೊಲಕ್ಕೆ ಕರೆದಿದ್ದರು. ಜೋಳದ ಕಣಿಕೆಯಿಂದ ಕಟ್ಟಿದ ಕೊಪ್ಪಿಯಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿದರು. ಆಮೇಲೆ ಗಿಡದ ನೆರಳಿಗೆ ಊಟ. ಸಜ್ಜೆಯ ಉಂಡಿ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಹುಳಿ ಬಂದ ಅಂಬಲಿ, ಮತ್ತು ಎಲ್ಲಕ್ಕೂ ಮೇಲಾಗಿ ಭಜ್ಜಿ. ಬೇರೆ ಸೀಮೆಯವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ತಿಂಡಿ ಎಂದು ತಿಳಿದಾರು. ನಮ್ಮ ಭಜ್ಜಿ ಹಾಗಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಬೋರೆಹಣ್ಣು ಇಷ್ಟನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಸೆ ಹಿಂಡಿ, ಕಡಲೆ ಹಿಟ್ಟು ಕಲಸಿ ಮಾಡುವ ಗಟ್ಟಿಯಾದ ಪಲ್ಲೆ ಅದು.

“ಭಜ್ಜಿಗಿ ಇಪ್ಪತ್ತ ನಮೂನಿ ಸಾಮಾನ ಬೇಕ್ರಿ ಮಾಸ್ತರ,” ಎಂದಳು ಹುಡುಗನ ಅಜ್ಜಿ. “ಮೊದಲ ಎಲ್ಲಾ ಇದೇ ಹೊಲದಾಗ ಸಿಗತಿತ್ತು. ಈಗ ಅರ್ಧಾ ಸಂತ್ಯಾಗಿಂದ ತರಬೇಕಾಗ್ಯಾದ. ಹೊಲತುಂಬ ಸೋಯಾಬೀನ, ಅದಾದ ಮ್ಯಾಲ ಕಡ್ಲಿ. ಕುಸುಬಿ ಇಲ್ಲ, ಅಗಸಿ ಇಲ್ಲ.”

ಆಕೆಯ ಮಗ ನಮ್ಮ ವಯಸ್ಸಿನವರು. ಒಂದು ಉಂಡಿ ತಿಂದು ಕೈ ತೊಳೆದರು. ಹೋಳಿಗೆಯನ್ನು ಮುಟ್ಟಲಿಲ್ಲ. ಎರಡು ವರ್ಷದಿಂದ ಸಕ್ಕರೆ ಬೇನೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾರಂತೆ. ಎಪ್ಪತ್ತು ದಾಟಿದ ತಾಯಿಯೋ ಅಂಬಲಿಯ ಗಡಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದಳು. ಇಲ್ಲಿ ನಮ್ಮ ಗುಟ್ಟನ್ನೂ ಹೇಳಿಬಿಡುವುದು ಒಳಿತು. ಈಚೆಗೆ ನಡೆದ ಒಂದು ತಪಾಸಣೆಯಲ್ಲಿ ನಮ್ಮ ರಕ್ತದ ಸಕ್ಕರೆಯೂ ಗಡಿಗೆ ಬಂದು ನಿಂತಿದೆ ಎಂದು ತಿಳಿಯಿತು. ಗಡಿನಾಡಿನವರಿಗೆ ಗಡಿಯ ಸಕ್ಕರೆ! ಶಿಕ್ಷಕರ ಕೊಠಡಿಯಲ್ಲಿ ದಿನಕ್ಕೆ ನಾಲ್ಕು ಸಲ ಚಹಾ, ಜೊತೆಗೆ ಬಿಸ್ಕೀಟು. ಇದನ್ನು ಯಾರ ಮೇಲೆ ಹೊರಿಸಲು ಬರುತ್ತದೆ?

ನಾವು ಒಬ್ಬರೇ ಅಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಪಟ್ಟಣದಲ್ಲಿ ಈ ರೋಗ ಹೆಚ್ಚು ಎಂಬುದು ನಿಜ. ಆದರೆ ಹೊಸ್ತಿಲಲ್ಲಿ ನಿಂತವರ ಲೆಕ್ಕದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಅಂತರವೇ ಇಲ್ಲವೆನ್ನಬಹುದು. ಸಕ್ಕರೆ ಬೇನೆ ಪೇಟೆಯ ಸಾಹುಕಾರರ ರೋಗವೆಂದು ನಮ್ಮ ಹಿರಿಯರು ನಗುತ್ತಿದ್ದ ಕಾಲ ಹೋಯಿತು.

ಹಾಗೆಂದು ಒಬ್ಬ ಅಜ್ಜಿಯನ್ನು ನೋಡಿ ಸಿದ್ಧಾಂತ ಕಟ್ಟಬಾರದು. ಆಕೆ ಜೀವಮಾನವೆಲ್ಲ ಕಳೆ ತೆಗೆದವಳು, ನೀರು ಹೊತ್ತವಳು. ಮಗ ದಿನವಿಡೀ ಅಂಗಡಿಯ ಗಲ್ಲೆಯ ಮುಂದೆ ಕೂಡುವವರು. ಆಕೆಯ ಓರಗೆಯವರಲ್ಲಿ ಎಷ್ಟೋ ಜನ ಬಾಣಂತಿತನದಲ್ಲಿ, ಕಾಲರಾದಲ್ಲಿ, ಬರಗಾಲದಲ್ಲಿ ಹೋಗಿಬಿಟ್ಟರು. ಉಳಿದವರನ್ನಷ್ಟೇ ನಾವು ಇಂದು ನೋಡುತ್ತಿದ್ದೇವೆ. ಆದರೂ ತಾಯಿಯ ತಾಟಿಗೂ ಮಗನ ತಾಟಿಗೂ ನಡುವೆ ಏನು ಬದಲಾಯಿತೆಂದು ಕೇಳುವುದು ತಪ್ಪಲ್ಲ.

ಬದಲಾವಣೆ ಮೊದಲಾದುದು ಹೊಲದಲ್ಲಿ. ಹಿಂದೆ ಹಿಂಗಾರಿಗೆ ಜೋಳ ಬಿತ್ತುವ ರೈತ ಅದರ ನಡುವೆ ಅಕ್ಕಡಿ ಸಾಲುಗಳನ್ನು ಹಾಕುತ್ತಿದ್ದ. ಹೊಲದ ಸುತ್ತ ಕುಸುಬೆಯನ್ನು ಬಿತ್ತುತ್ತಿದ್ದ. ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಎಳೆಯದಿದ್ದಾಗ ಕುಸುಬೆಯ ಎಲೆ ಪಲ್ಲೆಗೆ, ಬಲಿತ ಮೇಲೆ ಕಾಳು ಗಾಣಕ್ಕೆ. ಬೇಲಿಯೂ ಅದೇ, ಎಣ್ಣೆಯೂ ಅದೇ! ಅಗಸೆ, ಗುರೆಳ್ಳು, ಪುಂಡಿ ಇವೆಲ್ಲ ಮನೆಯ ಮಟ್ಟಿಗೆ ಸಾಲೆರಡು ಸಾಲು ಇರುತ್ತಿದ್ದವು. 1972ರ ಬರಗಾಲದಲ್ಲಿ ಈ ಭಾಗದ ಜನ ಪರದೇಶದಿಂದ ಬಂದ ಕೆಂಪು ಮಿಲೋ ಜೋಳ, ಕಾಮಗಾರಿಯ ಮೇಲೆ ಹಂಚಿದ ಸುಕಡಿ ತಿಂದು ಜೀವ ಹಿಡಿದುಕೊಂಡರು. ರೇಶನ್ ಅಂಗಡಿಯ ಗೋಧಿ, ಅಕ್ಕಿ ಮನೆಮನೆಗೆ ಬಂದವು. ಮುಂದೆ ಸೋಯಾಬೀನ್ ಬಂದಿತು. ಅದು ಮೂರು ಮೂರೂವರೆ ತಿಂಗಳ ಬೆಳೆ, ಲಾತೂರಿನಲ್ಲಿ ದೊಡ್ಡ ಪೇಟೆ, ಕೈಗೆ ರೊಕ್ಕ. ರೈತನನ್ನು ದೂರುವಂತಿಲ್ಲ. ಮಕ್ಕಳ ಶಾಲೆಯ ಖರ್ಚು ಆ ರೊಕ್ಕದಿಂದಲೇ ನಡೆದಿದೆ. ಆದರೆ ನಾವು ಸೋಯಾಬೀನನ್ನು ಬೆಳೆದು ಮಾರುತ್ತೇವೆ, ತಿನ್ನುವುದಿಲ್ಲ. ಹೊಲದಿಂದ ತಾಟಿಗೆ ನೇರವಾಗಿ ಬರುತ್ತಿದ್ದ ಹತ್ತೆಂಟು ಪದಾರ್ಥಗಳು ಹೀಗೆ ದಾರಿ ತಪ್ಪಿದವು.

ಈಗ ಎಣ್ಣೆಯ ವಿಷಯಕ್ಕೆ ಬರೋಣ. ಕೊಬ್ಬು ಎಂದರೆ ಕೆಟ್ಟದ್ದು ಎಂದು ಅನೇಕರು ತಿಳಿದಿದ್ದಾರೆ. ಕೊಬ್ಬಿಲ್ಲದೆ ಶರೀರ ನಡೆಯದು. ನಮ್ಮ ದೇಹದ ಒಂದೊಂದು ಜೀವಕೋಶದ ಹೊದಿಕೆಯೂ ಕೊಬ್ಬಿನಿಂದಲೇ ಆದುದು. ಅಮೇರಿಕದ ಮಿನೆಸೋಟಾದಲ್ಲಿ ಬರ್ ಎಂಬ ಹೆಸರಿನ ದಂಪತಿಗಳು 1929ರಲ್ಲಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಹೊಟ್ಟೆದ್ದಿತು, ಬೆಳವಣಿಗೆ ನಿಂತಿತು. ಶರೀರ ತಾನಾಗಿ ತಯಾರಿಸಲಾರದ, ಆಹಾರದಿಂದಲೇ ಬರಬೇಕಾದ ಕೊಬ್ಬಿನ ಆಮ್ಲಗಳಿವೆ ಎಂಬುದು ಇದರಿಂದ ಗೊತ್ತಾಯಿತು. ಅಂಥವು ಮುಖ್ಯವಾಗಿ ಎರಡು: ಒಮೆಗಾ-6 ಬಳಗದ ಲಿನೋಲಿಕ್ ಆಮ್ಲ, ಒಮೆಗಾ-3 ಬಳಗದ ಆಲ್ಫಾ ಲಿನೋಲೆನಿಕ್ ಆಮ್ಲ. ಹೆಸರು ಕೇಳಿ ಅಂಜಬೇಕಾಗಿಲ್ಲ. ಕುಸುಬೆ ಎಣ್ಣೆಯ ಮುಕ್ಕಾಲು ಭಾಗದಷ್ಟು ಮೊದಲನೆಯದು. ಅಗಸೆ ಎಣ್ಣೆಯ ಅರ್ಧದಷ್ಟು ಎರಡನೆಯದು. ಮರಾಠಿಯವರು ಕರಡಈ, ಜವಸ ಎನ್ನುವುದು ಇವನ್ನೇ. ಎರಡೂ ನಮ್ಮ ಕರಿಮಣ್ಣಿನವೇ.

ಈ ಎರಡೂ ಶರೀರದೊಳಗೆ ಮಾರ್ಪಾಡಾಗುವುದು ಒಂದೇ ಕಿಣ್ವದ ಕೈಯಲ್ಲಿ. ಒಂದೇ ಗಾಣಕ್ಕೆ ಇಬ್ಬರು ರೈತರು ಕಾಳು ತಂದಂತೆ. ಒಬ್ಬನೇ ಹತ್ತು ಚೀಲ ತಂದು ಸುರಿದರೆ ಇನ್ನೊಬ್ಬನಿಗೆ ಪಾಳಿ ಬರುವುದಿಲ್ಲ. ಹೀಗೆ ತಯಾರಾಗುವ ಪದಾರ್ಥಗಳೇ ಗಾಯವಾದಾಗ ಕೆಂಪಾಗಿ ಬಾಯುವಂತೆ ಮಾಡುತ್ತವೆ, ಕೆಲಸ ಮುಗಿದ ಮೇಲೆ ಆ ಬಾವನ್ನು ಇಳಿಸುತ್ತವೆ. ಏರಿಸುವಲ್ಲಿ ಒಮೆಗಾ-6ರಿಂದ ಹುಟ್ಟಿದವುಗಳ ಪಾಲು ಹೆಚ್ಚು, ಇಳಿಸುವಲ್ಲಿ ಒಮೆಗಾ-3ರಿಂದ ಹುಟ್ಟಿದವುಗಳ ಪಾಲು ಹೆಚ್ಚು ಎಂದು ಸ್ಥೂಲವಾಗಿ ಹೇಳಬಹುದು. ಇಂಥ ಪದಾರ್ಥಗಳ ಸಂಶೋಧನೆಗಾಗಿ 1982ರ ನೊಬೆಲ್ ಬಹುಮಾನವನ್ನು ಮೂವರು ವಿಜ್ಞಾನಿಗಳಿಗೆ ಕೊಡಲಾಯಿತು.

ರೋಗನಿರೋಧಕ ಶಕ್ತಿ ಎಂಬ ಮಾತಿಗೆ ಇದು ನೇರವಾಗಿ ಸಂಬಂಧಪಟ್ಟಿದೆ. 2020ರ ಕರೋನಾ ಕಾಲದಲ್ಲಿ ‘ಇಮ್ಯುನಿಟಿ’ ಎಂಬ ಶಬ್ದ ನಮ್ಮ ಹಳ್ಳಿಯ ಕಟ್ಟೆಯವರೆಗೂ ಬಂದಿತು. ಅದನ್ನು ಹೆಚ್ಚಿಸುವ ಪುಡಿ, ಕಷಾಯಗಳ ವ್ಯಾಪಾರ ಜೋರಾಗಿ ನಡೆಯಿತು. ಆದರೆ ಈ ಶಕ್ತಿಯನ್ನು ಒಲೆಯ ಉರಿಯಂತೆ ಸುಮ್ಮನೆ ಹೆಚ್ಚಿಸುತ್ತ ಹೋಗುವುದು ಹಿತವಲ್ಲ. ಅದು ಊರ ತಳವಾರನಿದ್ದಂತೆ. ಕಳ್ಳ ಬಂದಾಗ ಕೋಲು ಹಿಡಿದು ಓಡಬೇಕು. ಕಳ್ಳ ಹೋದ ಮೇಲೆ ಸುಮ್ಮನೆ ಕೂಡಬೇಕು. ಹಗಲು ರಾತ್ರಿ ಕೋಲು ಬೀಸುತ್ತಲೇ ಇದ್ದರೆ ಊರವರಿಗೇ ಏಟು ಬೀಳುತ್ತದೆ. ಶರೀರದಲ್ಲಿ ಸಣ್ಣಗೆ ಉರಿಯುತ್ತಲೇ ಇರುವ ಇಂಥ ಬಾವು ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಹೃದಯರೋಗ, ಮಧುಮೇಹ ಮುಂತಾದ ದೀರ್ಘಕಾಲದ ರೋಗಗಳ ಬೇರುಗಳಲ್ಲಿ ಇದೂ ಒಂದೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಹೊಟ್ಟೆಯ ಸುತ್ತ ಸೇರಿದ ಬೊಜ್ಜು ಸಹ ಈ ಉರಿಗೆ ಸೌದೆ ಒಟ್ಟುತ್ತದೆ.

ಈ ತಳವಾರನ ದೊಡ್ಡ ಠಾಣೆ ಇರುವುದು ಕರುಳಿನಲ್ಲಿ. ನಾವು ತಿಂದ ಸೊಪ್ಪು, ಕಾಳು, ಜೋಳದ ನಾರು ನಮಗೆ ಜೀರ್ಣವಾಗುವುದಿಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಬ್ಯುಟಿರಿಕ್ ಆಮ್ಲ ಮುಂತಾದುವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಕೋಶಗಳು ಮುಖ್ಯವಾಗಿ ಬದುಕುವುದೇ ಈ ಆಮ್ಲದ ಮೇಲೆ. ಅತಿಯಾಗಿ ಕೆರಳದಂತೆ ತಳವಾರನಿಗೆ ಹದ ಹೇಳುವುದೂ ಅದೇ. ನಾರು ಇಲ್ಲದ ಊಟ ಮಾಡಿದರೆ ಈ ಜೀವಿಗಳಿಗೆ ಉಪವಾಸ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಗೋಧಿಯ ಮೇಲೆ ಕೋಪ ಬೇಡ. ಇಡೀ ಗೋಧಿಯನ್ನು ಬೀಸಿ, ಜರಡಿ ಹಿಡಿಯದೆ ಮಾಡಿದ ಹಿಟ್ಟು ಜೋಳಕ್ಕೆ ಸರಿಸಮವೇ. ಕೋಪ ಮಾಡಬೇಕಾದುದು ಮೈದಾದ ಮೇಲೆ.

ಇನ್ನೊಂದು ಸಂಗತಿ ನಮ್ಮ ಹೆಣ್ಣುಮಕ್ಕಳಿಗೆ ಮುಖ್ಯವಾದುದು. ಮೆಂತ್ಯ, ಪಾಲಕ, ನುಗ್ಗೆ ಸೊಪ್ಪುಗಳಲ್ಲಿ ಕೆರೊಟಿನ್ ಎಂಬ ವರ್ಣದ್ರವ್ಯವಿದೆ. ಶರೀರ ಅದನ್ನು ‘ಎ’ ಜೀವಸತ್ವವಾಗಿ ಮಾಡಿಕೊಂಡು ಕಣ್ಣಿಗೂ, ಮೂಗು ಗಂಟಲುಗಳ ಒಳಪದರಕ್ಕೂ ಕೊಡುತ್ತದೆ. ಸೋಂಕು ಒಳನುಗ್ಗುವ ಬಾಗಿಲುಗಳು ಇವೇ ಅಲ್ಲವೆ? ಆದರೆ ಕೆರೊಟಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಪಲ್ಲೆಯ ಮೇಲೆ ಒಂದು ಚಮಚ ಶೇಂಗಾ ಎಣ್ಣೆ ಬಿಡುವುದು ರುಚಿಗಷ್ಟೇ ಅಲ್ಲ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ‘ಸಿ’ ಜೀವಸತ್ವ ಬೇಕು. ಪಲ್ಲೆಗೆ ನಿಂಬೆ ಹಿಂಡಿದರೆ ಅದು ಒದಗುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣಾಂಶ ಹೀರುವಿಕೆಗೆ ತಡೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಕಂಡುಬಂದಿದೆ. ಪ್ರಾರ್ಥನೆಯ ವೇಳೆ ತಲೆ ಸುತ್ತಿ ಕುಳಿತುಬಿಡುವ ನಮ್ಮ ಹುಡುಗಿಯರ ನೆನಪು ಪಾಲಕರಿಗೆ ಇರಲಿ.

ಇಷ್ಟು ಹೇಳಿದ ಮೇಲೆ ಹಳೆಯದೆಲ್ಲ ಹೊನ್ನು ಎಂದು ಯಾರಾದರೂ ತಿಳಿದಾರು. ಹಾಗಿರಲಿಲ್ಲ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಇದೆ. ಮೊದಲು ಕೂನೂರಿನಲ್ಲಿದ್ದ ಅದು 1958ರಲ್ಲಿ ಹೈದರಾಬಾದಿಗೆ ಬಂದಿತು. ಅಲ್ಲಿಯ ಡಾ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯನವರ ತಂಡ ದಖನ್ನಿನ ಬಡ ಕೂಲಿಕಾರರಲ್ಲಿ ಪೆಲ್ಲಾಗ್ರ ಎಂಬ ರೋಗವನ್ನು ಪರೀಕ್ಷಿಸಿತು. ಬಿಸಿಲು ಬೀಳುವ ಕುತ್ತಿಗೆ, ಮುಂಗೈಗಳ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಬುದ್ಧಿ ಮಂಕಾಗುತ್ತದೆ. ಈ ರೋಗ ಬಂದವರು ಜೋಳವನ್ನೇ ನಂಬಿ ಬದುಕಿದವರು. ಬೇಳೆ, ಸೊಪ್ಪು, ಹಾಲು ಕಾಣದವರು. 1960ರಲ್ಲಿ ಅವರು ಪ್ರಕಟಿಸಿದ ಲೇಖನ ಪ್ರಪಂಚದ ವೈದ್ಯರ ಗಮನ ಸೆಳೆಯಿತು. ಬರಿಯ ರೊಟ್ಟಿ, ಖಾರ, ನೀರು ಎಂಬುದು ನಮ್ಮ ಹಳೆಯ ಊಟದ ಹೆಮ್ಮೆಯಲ್ಲ. ನಮ್ಮ ಹಳೆಯ ಬಡತನ. ಜೋಳದ ಜೊತೆಗೆ ತೊಗರಿ, ಹೆಸರು, ಪುಂಡಿಪಲ್ಲೆ, ಮಜ್ಜಿಗೆ ಬಂದಾಗಲೇ ಅದು ಊಟವಾಗುತ್ತಿತ್ತು.

ಎಣ್ಣೆಗೂ ಈ ಮಾತು ಸಲ್ಲುತ್ತದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ 458 ಜನ ಹೃದಯರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ಬೆಣ್ಣೆ ಮೊದಲಾದುವನ್ನು ಬಿಡಿಸಿ ಕುಸುಬೆ ಎಣ್ಣೆಯನ್ನೂ, ಅದರಿಂದ ಮಾಡಿದ ಕೃತಕ ಬೆಣ್ಣೆಯನ್ನೂ ಕೊಟ್ಟರು. ರಕ್ತದ ಕೊಲೆಸ್ಟರಾಲ್ ಇಳಿಯಿತು. ಆದರೆ 2013ರಲ್ಲಿ ಹಳೆಯ ಅಂಕಿಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದಾಗ ಆ ಗುಂಪಿನಲ್ಲಿಯೇ ಹೆಚ್ಚು ಜನ ಸತ್ತದ್ದು ಕಂಡಿತು. ಒಮೆಗಾ-3 ಇಲ್ಲದೆ ಒಮೆಗಾ-6 ಒಂದನ್ನೇ ಸುರಿದುದೇ ಇದಕ್ಕೆ ಕಾರಣ ಎಂದು ಕೆಲವರು, ಕೃತಕ ಬೆಣ್ಣೆಯೇ ಕಾರಣ ಎಂದು ಕೆಲವರು. ವಾದ ಇನ್ನೂ ಮುಗಿದಿಲ್ಲ. ನಮಗೆ ತಿಳಿಯುವುದಿಷ್ಟು: ನಮ್ಮ ಕುಸುಬೆ ಎಣ್ಣೆಯೂ ಔಷಧವಲ್ಲ, ಒಂಟಿಯಾಗಿ ಕುಡಿಯುವ ವಸ್ತುವಲ್ಲ. ಅದಕ್ಕೆ ಅಗಸೆಯ ಹಿಂಡಿ, ಶೇಂಗಾ, ಎಳ್ಳು ಜೊತೆಗಿರಬೇಕು. ಸ್ಪೇನ್ ದೇಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ, ತಿದ್ದುಪಡಿಯೊಂದಿಗೆ 2018ರಲ್ಲಿ ಮತ್ತೆ ಪ್ರಕಟವಾದ ಪ್ರಯೋಗದಲ್ಲಿ ತರಕಾರಿ, ಕಾಳುಗಳ ಊಟದ ಜೊತೆಗೆ ಆಲಿವ್ ಎಣ್ಣೆ ಅಥವಾ ಬಾದಾಮಿ, ಅಕ್ರೋಟದಂಥ ಬೀಜ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿ ಸುಮಾರು ನೂರಕ್ಕೆ 30ರಷ್ಟು ಕಡಿಮೆಯಾದವು. ಅವರ ನೆಲದಲ್ಲಿ ಆಲಿವ್ ಬೆಳೆಯುತ್ತದೆ, ಅವರು ಅದನ್ನು ತಿನ್ನುತ್ತಾರೆ. ನಾವು ಸಾಲ ಮಾಡಿ ಆ ಬಾಟಲಿ ತರಬೇಕಾಗಿಲ್ಲ.

ತರಬಾರದ್ದು ಯಾವುದೆಂದರೆ ವನಸ್ಪತಿ. ದ್ರವ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಇದು ನೂರಕ್ಕೆ 2ನ್ನು ಮೀರಬಾರದೆಂದು ಕಾನೂನಿದೆ. ಆದರೆ ಬಸ್ ನಿಲ್ದಾಣದ ಕಡಾಯಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯುತ್ತಲೇ ಇರುವ ಕರಿ ಎಣ್ಣೆಗೆ ಯಾವ ಕಾನೂನು ಕಾವಲಿರುತ್ತದೆ?

ಒಂದು ಶನಿವಾರ ನಾವು ತರಗತಿಯಲ್ಲಿ ಎಲ್ಲರ ಡಬ್ಬಿ ತೆರೆಸಿ ನೋಡಿದೆವು. ರೊಟ್ಟಿ, ಪಲ್ಲೆ ತಂದವರು ಮುಚ್ಚಳವನ್ನು ಅರ್ಧ ತೆರೆದು ನಾಚಿಕೊಂಡರು. ನೂಡಲ್ಸ್, ಚಿಪ್ಸಿನ ಪುಡಿಕೆ ತಂದವರು ಎಲ್ಲರಿಗೂ ಕಾಣುವಂತೆ ಬೆಂಚಿನ ಮೇಲಿಟ್ಟರು. ನಮಗೆ ನೋವಾದುದು ಆ ನಾಚಿಕೆಯನ್ನು ಕಂಡು. ಅಗಸೆ ಹಿಂಡಿ ತಂದಿದ್ದ ಹುಡುಗಿ, “ಮನ್ಯಾಗ ಬ್ಯಾರೆ ಏನೂ ಇದ್ದಿಲ್ರೀ ಸರ” ಎಂದು ತಲೆ ತಗ್ಗಿಸಿದಳು. ಅಂದು ವ್ಯಾಕರಣದ ಪಾಠ ನಿಂತಿತು, ಅಗಸೆಯ ಪಾಠ ನಡೆಯಿತು. ಅಗಸೆಯನ್ನು ಇಡಿಯಾಗಿ ನುಂಗಿದರೆ ಕಾಳು ಹಾಗೆಯೇ ಹೊರಬೀಳುತ್ತದೆ. ನಮ್ಮ ತಾಯಂದಿರು ಹುರಿದು, ಕುಟ್ಟಿ, ಬೆಳ್ಳುಳ್ಳಿ ಖಾರ ಸೇರಿಸಿ ಹಿಂಡಿ ಮಾಡಿದುದರಲ್ಲಿ ಶಾಸ್ತ್ರವಿದೆ. ಕುಟ್ಟಿದ್ದು ಬಹಳ ದಿನ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ, ವಾರಕ್ಕಾಗುವಷ್ಟೇ ಕುಟ್ಟಬೇಕು. ಮೀನಿನಲ್ಲಿರುವ ಒಮೆಗಾ-3ಕ್ಕೆ ಇದು ಪೂರ್ತಿ ಸಮವಲ್ಲ. ಶರೀರ ಇದರಲ್ಲಿ ಸ್ವಲ್ಪವನ್ನೇ ಆ ರೂಪಕ್ಕೆ ತರಬಲ್ಲದು. ಮೀನು ತಿನ್ನುವ ಮನೆಯವರು ತಿನ್ನಲಿ. ತಿನ್ನದ ಮನೆಗೆ ಅಗಸೆ ಇದೆ.

ಪಾಲಕರು ಕೇಳಬಹುದು, ಎಷ್ಟು ಎಣ್ಣೆ ಸರಿ? ಹೈದರಾಬಾದಿನ ಅದೇ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ಸಾವಿರ ಕ್ಯಾಲರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ-ತುಪ್ಪದ ಲೆಕ್ಕವಿದೆ. ಐದು ಜನರ ಮನೆಗೆ ತಿಂಗಳಿಗೆ ಹೆಚ್ಚು ಕಡಿಮೆ 4 ಕಿಲೋ ಆಯಿತು. ಮನೆಯಲ್ಲಿ ಲೆಕ್ಕ ಹಾಕಿ ನೋಡಿರಿ. ತರಕಾರಿ ಹಣ್ಣು ಸೇರಿ ದಿನಕ್ಕೆ ಅರ್ಧ ಕಿಲೋ ಎಂದೂ ಅಲ್ಲಿ ಹೇಳಿದೆ. ಇದನ್ನು ಓದಿ ನಮ್ಮ ಕೂಲಿಯ ಪಾಲಕರು ನಕ್ಕರೆ ತಪ್ಪಿಲ್ಲ. ಬೇಸಿಗೆಯಲ್ಲಿ ಕೊತ್ತಂಬರಿ ಕಟ್ಟಿನ ದರ ನಮಗೂ ಗೊತ್ತು. ಆದರೆ ಪುಂಡಿ, ನುಗ್ಗೆ, ಹೊಲದಲ್ಲಿ ತಾನೇ ಹುಟ್ಟುವ ರಾಜಗಿರಿ ಇವುಗಳಿಗೆ ರೊಕ್ಕ ಬೇಕಿಲ್ಲ. ದಿನಕ್ಕೊಂದು ಪುಡಿಕೆ ಚಿಪ್ಸಿನ ದುಡ್ಡಿಗೆ ವಾರಕ್ಕೊಮ್ಮೆ ಶೇಂಗಾ ಬರುತ್ತದೆ. ಬೂಸ್ಟು ಹಿಡಿದ ಶೇಂಗಾ ಮಾತ್ರ ಅಗ್ಗವೆಂದು ತರಬೇಡಿರಿ. ಅದರಲ್ಲಿ ಯಕೃತ್ತಿಗೆ ವಿಷವಾಗುವ ಅಫ್ಲಾಟಾಕ್ಸಿನ್ ಇರಬಹುದು. ಇನ್ನು ಪಲ್ಲೆ ತಿನ್ನುತ್ತೇವೆಂದು ಲಸಿಕೆ ತಪ್ಪಿಸುವುದು, ವೈದ್ಯರು ಕೊಟ್ಟ ಗುಳಿಗೆ ಬಿಡುವುದು ಸಲ್ಲದು.

ಆ ಹುಡುಗನ ತಂದೆ ಗುಳಿಗೆ ಬಿಟ್ಟಿಲ್ಲ. ಸಂಜೆ ಅಂಗಡಿ ಮುಚ್ಚಿ ಹೊಲದವರೆಗೆ ನಡೆದು ಹೋಗಿ ಬರುತ್ತಾರಂತೆ. ನಮ್ಮ ಚಹಾ ನಾಲ್ಕರಿಂದ ಎರಡಕ್ಕೆ ಇಳಿದಿದೆ, ಬಿಸ್ಕೀಟಿನ ಜಾಗಕ್ಕೆ ಹುರಿದ ಕಡಲೆ ಬಂದಿದೆ. ಮೊನ್ನೆ ಆ ಹುಡುಗ ಹೇಳಿದ: ಈ ಹಿಂಗಾರಿಗೆ ಅಜ್ಜಿ ಹಟ ಹಿಡಿದು ಕಡಲೆಯ ಹೊಲದಲ್ಲಿ ನಾಲ್ಕು ಸಾಲು ಅಗಸೆ, ಬದುವಿನ ಗುಂಟ ಕುಸುಬೆ ಹಾಕಿಸಿದ್ದಾಳಂತೆ. ಬೀಜಕ್ಕಾಗಿ ಬಸವಕಲ್ಯಾಣದ ಕಡೆಯ ನೆಂಟರ ಮನೆಗೆ ಹೋಗಿ ಬಂದಿದ್ದಳಂತೆ.